ಹಿತ್ತಲ ಗೋಡೆ ದಾಟಿದ ಎಕ್ಸ್‌ರೇಗಳು

ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಶಶಿರೇಖಾಗೆ ಸುಳ್ಳು ಹೇಳಲು ಬರುವುದಿಲ್ಲ. ಸಾರು ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ನನ್ನ ಸಾರಿಗೂ ಹೇಳಿದ್ದಾಳೆ, ನಾನಿನ್ನೂ ಮರೆತಿಲ್ಲ. ಇಂಥವಳ ಮೇಲೆ ಸುಳ್ಳು ಲೆಕ್ಕ ಬರೆದ ಆರೋಪ ಬಂತೆಂದರೆ ನಗಬೇಕೋ ಅಳಬೇಕೋ?

ಹೋದ ವರ್ಷ ಅವಳಿಗೊಂದು ಸರ್ವೆ ಕೆಲಸ ಸಿಕ್ಕಿತ್ತು. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಿಂದ ಜನರ ಮೈಗೆ ವರ್ಷಕ್ಕೆ ತಲಾ ಎಷ್ಟು ವಿಕಿರಣ ತಾಗುತ್ತದೆಂದು ಅಳೆಯುವ ಸರ್ವೆ. ಮನೆಮನೆಗೆ ಹೋಗಿ, ಯಾರಿಗೆ ಎಷ್ಟು ಸಲ ತೆಗೆಸಿದ್ದೀರಿ ಎಂದು ಕೇಳಿ, ಫಿಲ್ಮ್ ನೋಡಿ ಬರೆದುಕೊಳ್ಳಬೇಕು. ಕುಣಿಗಲ್ ಸಲೀಸಾಗಿ ಮುಗಿಯಿತು. ಗುಬ್ಬಿಯ ಒಂದು ಬೀದಿಯಲ್ಲಿ ಮಾತ್ರ ಹದಿನಾಲ್ಕು ಮನೆಗೆ ಅರವತ್ತೊಂದು ಎಕ್ಸ್‌ರೇ ಬಂದವು. ತುಮಕೂರು ಆಫೀಸಿನ ಮೇಲ್ವಿಚಾರಕ ರವಿಕಿರಣ್ ಹಾಳೆ ನೋಡಿ ಕನ್ನಡಕ ತೆಗೆದಿಟ್ಟ.

“ಮನೇಲಿ ಕೂತ್ಕೊಂಡು ತುಂಬಿದ್ರಾ ಮೇಡಂ?”

ಎರಡು ದಿನದೊಳಗೆ ಸರಿಯಾದ ಲೆಕ್ಕ ತೋರಿಸದಿದ್ದರೆ ಅವಳ ಮೂರು ತಿಂಗಳ ಹಾಳೆಗಳೆಲ್ಲ ರದ್ದು, ಕೆಲಸವೂ ಇಲ್ಲ ಎಂದ. ಮಾರನೆಯ ಬೆಳಿಗ್ಗೆಯೇ ಅವಳು ಗುಬ್ಬಿ ಬಸ್ಸು ಹತ್ತಿದಳು. ನಾನೂ ಹತ್ತಿದೆ. ಇಂಥ ತಮಾಷೆ ಬಿಟ್ಟು ಮನೆಯಲ್ಲಿ ಕೂರಲು ನನಗೇನು ಹುಚ್ಚೇ?

ಈ ಸಲ ಅವಳು ಮನೆಮನೆಗೆ ಹೋಗಲಿಲ್ಲ. ಎಲ್ಲರೂ ತಮ್ಮ ಫಿಲ್ಮ್ ಹಿಡಿದು ಒಟ್ಟಿಗೆ ಅದೇ ಬೀದಿಯ ಶಿವರುದ್ರಮ್ಮನವರ ಅಂಗಳಕ್ಕೆ ಬರಬೇಕೆಂದಳು. ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದೊಂದನ್ನೇ ಕ್ಲಿಪ್ಪು ಹಾಕಿ ತೂಗುಬಿಟ್ಟಳು. ಹನ್ನೊಂದು ಫಿಲ್ಮಿಗೇ ಮುಗಿದುಹೋಯಿತು. ಉಳಿದವರು ಬರಿಗೈಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಸರ್ವೆ ಎಂದರೆ ಯಾವುದೋ ಕಾರ್ಡು ಕೊಡುತ್ತಾರೆ, ಹೆಚ್ಚು ಫಿಲ್ಮ್ ಇದ್ದವರಿಗೆ ಮೊದಲು ಕೊಡುತ್ತಾರೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತ್ತಂತೆ. ಶಶಿರೇಖಾ ಒಂದು ಮನೆಯ ಮುಂಬಾಗಿಲು ದಾಟುವಷ್ಟರಲ್ಲಿ ಫಿಲ್ಮಿನ ಕವರುಗಳು ಹಿತ್ತಲ ಗೋಡೆ ದಾಟಿ ಮುಂದಿನ ಮನೆ ಸೇರುತ್ತಿದ್ದವು. ಇವಳೋ ಕವರು ಎಣಿಸಿದ್ದಳೇ ಹೊರತು ಫಿಲ್ಮ್ ಹೊರತೆಗೆದು ಹೆಸರು ಓದಿರಲಿಲ್ಲ.

ಶಿವರುದ್ರಮ್ಮನವರಿಗೆ ಸ್ವಲ್ಪವೂ ಅಳುಕಿಲ್ಲ. “ಸಕ್ರೆ ಕೇಳಿದ್ರೆ ಕೊಡ್ತೀವಿ, ಕಾಫಿಪುಡಿ ಕೇಳಿದ್ರೆ ಕೊಡ್ತೀವಿ ಕಣವ್ವ. ಎಕ್ಸ್‌ರೇ ಕೇಳಿದ್ರೆ ಇಲ್ಲ ಅನ್ನಕಾಯ್ತದಾ?”

ನಾನು ನಕ್ಕು ನಕ್ಕು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದೆ. ಶಶಿರೇಖಾ ನಗಲಿಲ್ಲ. ತಪ್ಪು ತನ್ನದೇ ಎಂದು ಅವಳ ಕಣ್ಣು ತುಂಬಿತ್ತು. ಪಾಪ ಅನ್ನಿಸಿತು, ಆದರೂ ನಗು ನಿಲ್ಲಲಿಲ್ಲ.

ಕಣ್ಣೊರೆಸಿಕೊಂಡು ಅವಳು ಹೆಸರು ಓದತೊಡಗಿದಳು. ಹನ್ನೊಂದರಲ್ಲಿ ನಾಲ್ಕು ಶಿವರುದ್ರಮ್ಮನವರ ಯಜಮಾನರು ಅಡವಿಯಪ್ಪನವರವು. ಒಂದೇ ದಿನ, ಒಂದೇ ಎದೆ. ಮೂರರಲ್ಲಿ ಎದೆಯ ನಡುವೆ ಬೆಳ್ಳಗೆ ಒಂದು ಮೊಟ್ಟೆ. ಅದು ಅವರು ಕೊರಳಲ್ಲಿ ಧರಿಸುವ ಲಿಂಗದ ಬೆಳ್ಳಿ ಕರಡಿಗೆ.

“ಆಸ್ಪತ್ರೇಲಿ ತೆಗೆದಿಡಿ ಅಂದ್ರು. ಲಿಂಗ ಮೈ ಬುಟ್ಟು ಇರಬಾರದು ಅಂದೆ,” ಎಂದರು ಅಡವಿಯಪ್ಪನವರು. “ಅವ್ರು ಎಕ್ಸ್‌ರೇ ಹೊಡೀತಾನೇ ಇದ್ರು, ನಾನು ನಿಂತ್ಕಂಡೇ ಇದ್ದೆ.”

ನಾಲ್ಕನೆಯ ಸಲ ಯಾರೋ ನರ್ಸಮ್ಮ ಬಂದು, ದಾರ ಉದ್ದ ಮಾಡಿಕೊಂಡು ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳಿ ಅಜ್ಜಾ ಎಂದರಂತೆ. ಅಷ್ಟೇ, ಚಿತ್ರ ಸರಿಯಾಗಿ ಬಂತು. ಅಜ್ಜ ಕೆಟ್ಟವನ್ನೂ ಬಿಡದೆ ಕೇಳಿ ಮನೆಗೆ ತಂದಿದ್ದರು. ತಮಗೇನಾದರೂ ಆದೀತೇ ಎಂದು ಈಗ ಹೆದರಿದರು. ಎದೆಯ ಎಕ್ಸ್‌ರೇಯಲ್ಲಿ ವಿಕಿರಣ ತೀರಾ ಕಡಿಮೆ, ಭಯ ಬೇಡ, ಆದರೂ ಮೂರು ದಂಡವಾದವು ಎಂದಳು ಶಶಿರೇಖಾ.

ಅವತ್ತೇ ಆಫೀಸಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ಅರವತ್ತೊಂದು ತಪ್ಪು, ಹನ್ನೊಂದು ಸರಿ, ಕವರು ಎಣಿಸಿದ್ದು ತನ್ನ ತಪ್ಪು, ಹನ್ನೊಂದರಲ್ಲಿ ಮೂರು ಕರಡಿಗೆ ಅಡ್ಡ ಬಂದು ದಂಡವಾದವು. ನಾನು ಬಾಗಿಲ ಬಳಿ ನಿಂತಿದ್ದೆ. ರವಿಕಿರಣನ ಕೈ ತನ್ನಷ್ಟಕ್ಕೆ ಶರ್ಟಿನ ಮೇಲೆ, ಎದೆಯ ನಡುವೆ ಉಬ್ಬಿದ್ದ ತನ್ನ ಕರಡಿಗೆಯ ಮೇಲೆ ಹೋಗಿ ನಿಂತಿತು.

“ನಂಗೂ ಎರಡು ಸಲ ಹೊಡೆದಿದ್ರು ಮೇಡಂ. ಯಾಕೆ ಅಂತ ಇವತ್ತು ಗೊತ್ತಾಯ್ತು.”

ಹಾಳೆಗಳಿಗೆ ಹೊಸದೊಂದು ಕಾಲಂ ಸೇರಿಸಿಕೊಳ್ಳಿ, ಒಂದೇ ಚಿತ್ರಕ್ಕೆ ಎಷ್ಟು ಸಲ ಹೊಡೆದರು ಎಂದೂ ಕೇಳಿ, ನಾಳೆಯಿಂದ ಬೆಳ್ಳಾವಿಗೆ ಹೊರಡಿ ಎಂದ. ಕೆಲಸ ಉಳಿಯಿತು. ಮೊದಲ ಸಾಲಿಗೆ ತನ್ನ ಹೆಸರೇ ಬರೆಯಿರಿ, ಎರಡು ಸಲ, ಎಂದೂ ಹೇಳಿದ.

ಶಶಿರೇಖಾ ಪೆನ್ನಿನ ಕ್ಯಾಪು ಹಾಕಿದಳು.

“ಫಿಲ್ಮ್ ತಂದು ತೋರಿಸಿ ಸರ್. ಹೆಸರು ಓದಿ ಬರ್ಕೋತೀನಿ.”