ಬ್ಯಾಡಗಿಯ ಬಾಗೇಶ್ರೀ

ನಮ್ಮ ಕೇಳುಗರ ಬಳಗದಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ಬ್ಯಾಡಗಿಯವನು ತಂದ ಹಳೆಯ ಬಾಗೇಶ್ರೀ ಧ್ವನಿಮುದ್ರಣವನ್ನು ನಾನು ಮೊದಲು ಅನುಮಾನಿಸಿದೆನಂತೆ, ಆಮೇಲೆ ಮನಸ್ಸು ತಡೆಯದೆ ದಿನಗಟ್ಟಲೆ ಕುಳಿತು ಸರಿಪಡಿಸಿದೆನಂತೆ, ಅವನ ಅಜ್ಜನ ಸಾರಂಗಿಯನ್ನು ಉಳಿಸಿಕೊಟ್ಟೆನಂತೆ. ಅನುಮಾನ ಪಡುವುದೂ ಗೊತ್ತು, ತಪ್ಪು ಒಪ್ಪಿಕೊಳ್ಳುವುದೂ ಗೊತ್ತು, ಎಷ್ಟೆಂದರೂ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಹುಡುಗಿ ಎಂದು ಬಳಗದ ಹೋಮಿಯೋಪತಿ ಡಾಕ್ಟರು ಹೊಸಬರಿಗೆಲ್ಲ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ನನಗೆ ಅನುಕೂಲವಾದ ಕತೆಯನ್ನು ನಾನೇ ಖಂಡಿಸುವುದು ಜಾಣತನವಲ್ಲವೆಂದೂ ಗೊತ್ತು. ಆದರೂ ಈ ಕತೆ ನಿಲ್ಲುವುದಿಲ್ಲ. ನಾನು ಅನುಮಾನಿಸಿದ್ದು ಹೊಟ್ಟೆಕಿಚ್ಚಿನಿಂದ. ಸರಿಪಡಿಸಿದ್ದೂ ಅದರಿಂದಲೇ.

ಬಳಗವೆಂದರೆ ಐದಾರು ಜನ. ತಿಂಗಳ ಎರಡನೆಯ ಭಾನುವಾರ ರಾಣೇಬೆನ್ನೂರಿನಲ್ಲಿ ಕಾಕಾನ ಮನೆಯ ಮಹಡಿಯ ಮೇಲೆ ಸೇರುತ್ತೇವೆ. ಕಾಕಾ ನನಗೆ ಸಂಬಂಧಿಯಲ್ಲ. ಬೀಜದ ಅಂಗಡಿ ನಡೆಸಿ ಈಗ ಮಗಳಿಗೆ ಬಿಟ್ಟುಕೊಟ್ಟವರು, ಎಲ್ಲರಿಗೂ ಕಾಕಾ. ನಾವು ಕೇಳುವುದು ದೊಡ್ಡ ಸಭಾಂಗಣದ ಕಛೇರಿಗಳನ್ನಲ್ಲ, ಬೈಠಕ್ಕುಗಳನ್ನು. ಯಾರದೋ ಪಡಸಾಲೆಯಲ್ಲಿ ಮೂವತ್ತು ಜನರ ಮುಂದೆ ಹಾಡಿದ್ದು, ಮೂಲೆಯಲ್ಲಿದ್ದ ಟೇಪ್‌ರೆಕಾರ್ಡರಿನಲ್ಲಿ ಹೇಗೋ ಉಳಿದದ್ದು. ಒಬ್ಬರು ಒಂದು ರಾಗ ತಂದರೆ ಇನ್ನೊಬ್ಬರು ಅದೇ ರಾಗದ ಬೇರೆ ಬೈಠಕ್ ತರಬೇಕು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಆಮೇಲೆ ಜಗಳ.

ಕಾಕಾನ ಹತ್ತಿರ ಒಂದು ದಪ್ಪ ನೋಟುಬುಕ್ಕು ಇದೆ. ಬಳಗ ಒಪ್ಪಿದ ಧ್ವನಿಮುದ್ರಣಗಳನ್ನಷ್ಟೇ ಅದರಲ್ಲಿ ಬರೆಯುತ್ತಾರೆ: ಯಾರು ಹಾಡಿದ್ದು, ಎಲ್ಲಿ, ತಬಲಾ ಯಾರು, ಸಾರಂಗಿ ಅಥವಾ ಪೇಟಿ ಯಾರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಸಾಥಿದಾರರ ಹೆಸರನ್ನು ಇಷ್ಟು ಅಕ್ಕರೆಯಿಂದ ಬರೆಯುವ ಪುಸ್ತಕ ನಾನು ಬೇರೆಲ್ಲೂ ನೋಡಿಲ್ಲ. ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿತ್ತು. ಧ್ವನಿಮುದ್ರಣ ಮುಗಿದ ಮೇಲೆ ಕಾಕಾ ಕಣ್ಣು ತೆರೆಯದೆ, “ಇನ್ನೊಮ್ಮಿ ಹಚ್ಚು” ಎಂದರೆ ತಂದವರ ತಿಂಗಳು ಸಾರ್ಥಕ.

ನಾನು ಮೂರು ವರ್ಷದಿಂದ ಹೋಗುತ್ತಿದ್ದೆ. ಹಾವೇರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಭಾನುವಾರದ ಪ್ಯಾಸೆಂಜರ್ ಹಿಡಿದು, ಪೆನ್‌ಡ್ರೈವ್‌ನಲ್ಲಿ ಒಳ್ಳೊಳ್ಳೆಯ ಬೈಠಕ್ಕುಗಳನ್ನು ಹುಡುಕಿ, ಸದ್ದುಗದ್ದಲ ತೆಗೆದು, ತೊಳೆದು ಒರೆಸಿ ಒಯ್ಯುತ್ತಿದ್ದೆ. ಒಮ್ಮೆಯೂ ಆ ಮಾತು ನನಗೆ ಬರಲಿಲ್ಲ. ಒಂದು ಸಲ ಪೂರಿಯಾ ಕೇಳಿಸಿದಾಗ ಕಾಕಾ ಹೇಳಿದ್ದು ಇಷ್ಟು: “ಸ್ವಚ್ಛ ಐತಿ ಬಿಡವಾ. ದವಾಖಾನಿ ಇದ್ದಂಗ ಐತಿ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಬ್ಯಾಡಗಿಯವನು ಬಳಗಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕ, ಮೂವತ್ತರ ಆಸುಪಾಸು. ಅವನ ಅಜ್ಜ, ಅವನ ಮಾತಿನಲ್ಲಿ ದಾದಾ, ಸಾರಂಗಿ ನುಡಿಸುತ್ತಿದ್ದರು. ದಾದಾ ಬಿಟ್ಟುಹೋದ ಹತ್ತಿಪ್ಪತ್ತು ಕ್ಯಾಸೆಟ್ಟುಗಳೇ ಅವನ ಆಸ್ತಿ. ಸಂಗೀತ ಕಲಿತವನಲ್ಲ, ರಾಗದ ಹೆಸರು ತಪ್ಪಾಗಿ ಹೇಳಿ ತಾನೇ ನಗುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನಿಗೆ ಮೂರು ಸಲ “ಇನ್ನೊಮ್ಮಿ ಹಚ್ಚು” ಸಿಕ್ಕಿತು. ಅವನ ಕ್ಯಾಸೆಟ್ಟುಗಳಲ್ಲಿ ಕರ್ಕಶ ಸದ್ದು, ನಡುವೆ ಚಹಾದ ಬಸಿಗಳ ಸಪ್ಪಳ, ಮೆಣಸಿನ ಘಾಟಿಗೆ ಯಾರೋ ಕೆಮ್ಮುವುದು. ಆ ಕೆಮ್ಮು ಬಂದಾಗಲೆಲ್ಲ ಕಾಕಾ ಬೆರಳೆತ್ತಿ, ಖರೇ ಬ್ಯಾಡಗಿ ಎಂದು ಖುಷಿಪಡುತ್ತಿದ್ದರು. ನಾನು ತೆಗೆದುಹಾಕಲು ರಾತ್ರಿ ಹಗಲು ಕಷ್ಟಪಡುತ್ತಿದ್ದ ಕೆಮ್ಮಿಗೆ ಇವನ ಲೆಕ್ಕದಲ್ಲಿ ಮೆಚ್ಚುಗೆ. ಇದಕ್ಕೆ ನನ್ನ ಹತ್ತಿರ ಪ್ರತಿವಾದವಿರಲಿಲ್ಲ, ಉರಿಯಿತ್ತು.

ಐದನೆಯ ತಿಂಗಳು ಅವನು ಬಾಗೇಶ್ರೀ ತಂದ. ಹಾಡಿದವರು ಬಹು ದೊಡ್ಡ ಗಾಯಕರು ಎಂದ. ಹೆಸರು ಹೇಳುತ್ತಲೇ ಮಹಡಿಯಲ್ಲಿ ಎಲ್ಲರೂ ಸರಿಯಾಗಿ ಕುಳಿತರು. ಇಲ್ಲಿ ನಾನು ಆ ಹೆಸರು ಬರೆಯುವುದಿಲ್ಲ. ಆ ಗಾಯಕರು ನಮ್ಮ ಸೀಮೆಯಲ್ಲಿ ಬೈಠಕ್ ಹಾಡಲೇ ಇಲ್ಲ ಎನ್ನುವುದು ಕಾಕಾನ ಖಚಿತ ಅಭಿಪ್ರಾಯ. ಹಾಡಿದ್ದರೆ ತನಗೆ ಗೊತ್ತಾಗದೆ ಇರುತ್ತಿತ್ತೇ ಎಂದು ಎಷ್ಟೋ ಸಲ ಹೇಳಿದ್ದರು. ಇವನು ಹೇಳಿದ: ಬ್ಯಾಡಗಿ ಪೇಟೆಯಲ್ಲಿ ದಲಾಲರೊಬ್ಬರ ಅಂಗಡಿಯ ಮಾಳಿಗೆಯ ಮೇಲೆ ಹಾಡಿದ್ದಾರೆ, ಸಾರಂಗಿ ನಮ್ಮ ದಾದಾ. ಕ್ಯಾಸೆಟ್ಟಿನ ಒಂದು ಬದಿ ಅಂಟಿಕೊಂಡು ಹಾಳಾಗಿದೆ, ಎರಡನೆಯ ಬದಿ ಅಷ್ಟೇ ಇದೆ. ಆಮೇಲೆ ಸಂಕೋಚದಿಂದ, ನೋಟುಬುಕ್ಕನ್ನು ನೋಡುತ್ತ, ದಾದಾನ ಹೆಸರು ಅದರಲ್ಲಿ ಬಂದರೆ ಅಮ್ಮಿಗೆ ಫೋಟೋ ತೆಗೆದು ತೋರಿಸುತ್ತೇನೆ ಎಂದ. ಅವನು ನಮ್ಮಲ್ಲಿಗೆ ಬರುತ್ತಿದ್ದದ್ದೇ ಆ ಒಂದು ಸಾಲಿಗಾಗಿ.

ಹಚ್ಚಿದ. ನಾನು ಕೇಳುವಾಗ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಶ್ರುತಿ ತೋರಿಸುವ ಒಂದು ಆ್ಯಪ್ ಇದೆ. ಆ ಗಾಯಕರು ಹಾಡಿದ್ದು ಜೀವನಪೂರ್ತಿ ಕಪ್ಪು ಒಂದರ ಶ್ರುತಿಯಲ್ಲಿ, ಅಂದರೆ ಪೇಟಿಯ ಮೊದಲನೆಯ ಕಪ್ಪು ಪಟ್ಟಿಯನ್ನೇ ಷಡ್ಜವೆಂದು ಹಿಡಿದು. ಇದು ಎಲ್ಲರಿಗೂ ಗೊತ್ತು. ಆ್ಯಪ್ ತೋರಿಸುತ್ತಿದ್ದದ್ದು ಅದಕ್ಕಿಂತ ಮೇಲಿನ ಪಟ್ಟಿ. ಕಾಕಾ ಕೂಡ ಶುರುವಿನಲ್ಲೇ ಪೇಟಿ ಒತ್ತಿ ನೋಡಿ, ಹುಬ್ಬು ಗಂಟಿಕ್ಕಿ, ಕೈ ತೆಗೆದರು. ಹಾಡು ಮಾತ್ರ ಅದ್ಭುತವಾಗಿತ್ತು. ಸಾರಂಗಿ ಹಾಡಿನ ಹಿಂದೆ ಅರ್ಧ ಹೆಜ್ಜೆ ನಿಂತು, ಅವರು ಬಿಟ್ಟ ಸ್ವರವನ್ನು ನೆಲಕ್ಕೆ ಬೀಳಗೊಡದೆ ಹಿಡಿಯುತ್ತಿತ್ತು. ಮುಗಿದಾಗ ಕಾಕಾ ಕಣ್ಣು ಮುಚ್ಚಿಯೇ ಇದ್ದರು. ಆ ಮಾತು ಇನ್ನೇನು ಬರುತ್ತದೆ ಎನ್ನಿಸಿತು. ಬರುವ ಮೊದಲೇ ನಾನು ಬಾಯಿ ತೆಗೆದೆ.

ಮೂರು ಅಂಶಗಳಲ್ಲಿ ಹೇಳಿದೆ, ರೂಢಿಯಂತೆ. ಒಂದು, ಶ್ರುತಿ ಅವರದಲ್ಲ. ಅವರ ಲಭ್ಯವಿರುವ ಯಾವ ಧ್ವನಿಮುದ್ರಣದಲ್ಲೂ ಈ ಪಟ್ಟಿಯಿಲ್ಲ, ಇದು ಅವರನ್ನು ಅನುಕರಿಸಿದ ಯಾವನೋ ಶಿಷ್ಯ. ಎರಡು, ಕ್ಯಾಸೆಟ್ಟಿನಲ್ಲಿ ಯಾರೂ ಹೆಸರು ಹೇಳಿಲ್ಲ. ಮೂರು, ಇರುವ ಒಂದೇ ಸಾಕ್ಷಿ ಮನೆಯವರದು, ಮನೆಯವರಿಗೆ ಇದರಲ್ಲಿ ಆಸೆಯಿದೆ.

“ನಮ್ಮ ದಾದಾ ಸುಳ್ಳ ಹೇಳೋರಲ್ರಿ, ಅಕ್ಕಾರ” ಎಂದ ಅವನು.

“ಸುಳ್ಳು ಹೇಳ್ಯಾರ ಅಂತ ನಾ ಎಲ್ಲಿ ಅಂದೇನ್ರಿ? ವಯಸ್ಸಾದ್ಮ್ಯಾಲ ನೆನಪು ದೊಡ್ಡದಾಗತೈತಿ, ಅಷ್ಟ.”

ಬಳಗದ ಇನ್ನೊಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಲೆದೂಗಿದರು. ಡಾಕ್ಟರು ಪಾಯಿಂಟು ಐತಿ ಎಂದರು. ಕಾಕಾ ನೋಟುಬುಕ್ಕಿನ ಮೇಲಿದ್ದ ಪೆನ್ನನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡರು.

ಈಗ ಬಳಗದವರಿಗೆ ಗೊತ್ತಿಲ್ಲದ್ದನ್ನು ಹೇಳಬೇಕು. ನನ್ನ ಮಡಿಲಲ್ಲಿದ್ದ ಮೊಬೈಲಿನ ಮುಳ್ಳು ಒಂದೇ ಕಡೆ ನಿಂತಿರಲಿಲ್ಲ. ಶುರುವಿನಲ್ಲಿ ಇದ್ದದ್ದಕ್ಕಿಂತ ಕೊನೆಯಲ್ಲಿ ಇನ್ನೂ ಮೇಲೆ ಸರಿದಿತ್ತು. ಹಾಡುವವರ ಷಡ್ಜ ನಡುವೆ ಹಾಗೆ ಏರುವುದಿಲ್ಲ, ತಂಬೂರಿ ಬಿಡುವುದಿಲ್ಲ. ಹಾಗೆ ಏರುವುದು ಕ್ಯಾಸೆಟ್ಟು ಮಾತ್ರ. ಸೆಲ್ಲು ಹಾಕಿ ಮುದ್ರಿಸುವಾಗ ಸೆಲ್ಲು ಇಳಿಯುತ್ತ ಹೋದರೆ ಟೇಪು ನಿಧಾನವಾಗಿ ಸುತ್ತುತ್ತದೆ. ಮುಂದೆ ಅದನ್ನೇ ಸರಿಯಾದ ವೇಗದಲ್ಲಿ ಹಚ್ಚಿದಾಗ ದನಿ ಮೇಲೇರುತ್ತದೆ. ಅತ್ತೆಯ ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಇದನ್ನು ಕಲಿತಿದ್ದೆ. ಅದರಲ್ಲಿ ಹೆಂಗಸರೆಲ್ಲ ಕೊನೆಗೆ ಗುಬ್ಬಿಗಳಂತೆ ಹಾಡುತ್ತಾರೆ. ಅಂದರೆ ನನ್ನ ಮೊದಲನೆಯ ಅಂಶಕ್ಕೆ ಉತ್ತರ ನನ್ನ ಮಡಿಲಲ್ಲೇ ಇತ್ತು. ಎದುರಾಳಿಯ ವಾದವನ್ನು ನಾವು ಮಾಡಿಕೊಡಬಾರದು ಎಂದು ಚರ್ಚಾಸ್ಪರ್ಧೆಗೆ ನಮಗೆ ತರಬೇತಿ ಕೊಟ್ಟವರು ಹೇಳುತ್ತಿದ್ದರು. ನಾನು ಮೊಬೈಲನ್ನು ಚೀಲಕ್ಕೆ ಹಾಕಿದೆ.

ಸಂಜೆ ಒಂದೇ ರೈಲು. ಬ್ಯಾಡಗಿ ಹಾವೇರಿಗಿಂತ ಮೊದಲು ಬರುತ್ತದೆ. ಅವನು ಚೀಲ ಸರಿಸಿ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ. ಗೆದ್ದವಳು ಸೋತವನಿಗೆ ಏನಾದರೂ ಹೇಳಬೇಕು; ಕ್ಯಾಸೆಟ್ಟು ಚೆನ್ನಾಗಿದೆ, ಹೆಸರು ಯಾವುದಾದರೇನು ಎಂದೆ. ಅವನು ಹೂಂ ಎಂದ. ಬ್ಯಾಡಗಿಯಲ್ಲಿ ಇಳಿಯುವಾಗ ಬರ್ತೀನ್ರಿ ಅಂದ. ಆಮೇಲೆ ಬಳಗಕ್ಕೆ ಬರಲಿಲ್ಲ.

ಇಲ್ಲಿಗೆ ನನ್ನ ಕಿಚ್ಚು ಆರಬೇಕಿತ್ತು. ಆರಲಿಲ್ಲ, ಯಾಕೆಂದರೆ ಪ್ರತಿ ತಿಂಗಳೂ ನಾನು ಮೆಟ್ಟಿಲು ಹತ್ತಿದೊಡನೆ ಕಾಕಾ ನನ್ನ ಹಿಂದೆ ನೋಡುತ್ತಿದ್ದರು. “ಬ್ಯಾಡಗಿಯಾಂವ ಯಾಕ ಬರವಲ್ಲ?” ನಾನು ಪೆನ್‌ಡ್ರೈವ್ ಕೊಟ್ಟರೆ ಪಕ್ಕಕ್ಕಿಟ್ಟು ಮತ್ತೆ ಅದೇ. ಇದ್ದಾಗ ಅವನು ನನ್ನ ಸಮಬಲದ ಸ್ಪರ್ಧಿಯಾಗಿದ್ದ. ಇಲ್ಲದಾಗ ನನಗಿಂತ ದೊಡ್ಡವನಾದ. ಮೂರು ತಿಂಗಳು ತಡೆದುಕೊಂಡೆ. ಆಮೇಲೆ ಅವನು ವಾಟ್ಸಪ್ಪಿನಲ್ಲಿ ಮೊದಲೇ ಕಳಿಸಿದ್ದ ಆ ಬಾಗೇಶ್ರೀಯನ್ನು ಕಂಪ್ಯೂಟರಿಗೆ ಹಾಕಿದೆ. ಉದ್ದೇಶ ಒಳ್ಳೆಯದಿರಲಿಲ್ಲ. ಸೆಲ್ಲಿನ ಏರನ್ನು ತಿದ್ದಿದ ಮೇಲೂ ದನಿ ಆ ಗಾಯಕರದಲ್ಲ ಎಂದು ಸಿಕ್ಕರೆ ನನ್ನ ವಾದಕ್ಕೆ ಅಡಿಪಾಯ ಬರುತ್ತದೆ, ಸುಳ್ಳಿನ ಮೇಲೆ ನಿಂತದ್ದು ನಿಜವಾಗುತ್ತದೆ ಎಂಬ ಆಸೆ.

ನಿಮಿಷಕ್ಕೆ ಇಷ್ಟಿಷ್ಟೆಂದು ಎಳೆದು ಏರನ್ನು ಸಮ ಮಾಡಿದೆ. ಕಪ್ಪು ಒಂದಕ್ಕೆ ತಂದು ಕೂರಿಸಿದೆ. ಎಂಥ ಹಾಡುಗಾರನನ್ನೂ ಎಳೆದು ಕಪ್ಪು ಒಂದಕ್ಕೆ ತರಬಹುದು, ಅದು ಸಾಕ್ಷಿಯಲ್ಲ. ಅದಕ್ಕೇ ಅವರ ಎರಡು ಪ್ರಕಟಿತ ಬಾಗೇಶ್ರೀಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಮೇಲಿನ ಷಡ್ಜಕ್ಕೆ ಹೋಗುವ ಮೊದಲು ಗಂಟಲಲ್ಲಿ ಒಂದು ಸಣ್ಣ ಬಿಕ್ಕು. ತಾನಿನ ನಡುವೆ ಉಸಿರು ಕಡಿಯುವ ಜಾಗ. ಎಲ್ಲ ಅವರೇ. ಸಂದೇಹಕ್ಕೆ ಸೂಜಿಯ ಮೊನೆಯಷ್ಟೂ ಜಾಗವಿರಲಿಲ್ಲ. ಸಾರಂಗಿಯಂತೂ ಏರಿದ್ದ ತೆಳುತನ ಕಳೆದುಕೊಂಡು, ಕೆಳಗಿಳಿದು, ಮನುಷ್ಯರ ದನಿಯಷ್ಟು ದಪ್ಪವಾಗಿತ್ತು. ಆ ದಾದಾನ ಮೇಲೂ ನನಗೆ ಮತ್ಸರವಾಯಿತು ಎಂದರೆ ನಂಬಬೇಕು.

ಬ್ಯಾಡಗಿಗೆ ಹೋದೆ. ಏಪ್ರಿಲ್ಲಿನ ಬಿಸಿಲಲ್ಲಿ ಅವನು ದಪ್ಪ ಸ್ವೆಟರ್ ಹಾಕಿಕೊಂಡು ಕೋಲ್ಡ್ ಸ್ಟೋರೇಜಿನ ಬಾಗಿಲಿಂದ ಹೊರಬಂದ. ಹೊರಗೆ ಮೆಣಸಿನ ಚೀಲಗಳ ಪಕ್ಕ ನಿಂತು ಇಯರ್‌ಫೋನ್ ಕೊಟ್ಟೆ. ಕೇಳಿದ. ಸ್ವೆಟರ್ ತೆಗೆಯಲು ಮರೆತು ಪೂರ್ತಿ ಕೇಳಿದ. ನಾನು ಸೆಲ್ಲಿನ ವಿಷಯ ವಿವರಿಸಿದೆ.

“ಇದು ನಿಮಗ ಆವತ್ತ ಗೊತ್ತಿತ್ತೇನ್ರಿ?”

ಗೊತ್ತಿತ್ತು ಎಂದೆ. ಸುಳ್ಳು ಹೇಳಬಹುದಿತ್ತು. ಅವನು ಅಷ್ಟು ನೇರವಾಗಿ ಕೇಳಿದ್ದರಿಂದ ಆಗಲಿಲ್ಲ.

ಅವನು ಬಯ್ಯಲಿಲ್ಲ. “ನಿಮ್ಮ ವಾದ ಭಾಳ ಛಲೋ ಇತ್ರಿ. ನಾನೂ ನಂಬಿದ್ದೆ. ಮನ್ಯಾಗ ಅಮ್ಮಿಗೆ ಹೇಳಿಬಿಟ್ಟೆ, ದಾದಾ ಬಡಾಯಿ ಕೊಚ್ಚಿದ್ರು ಅಂತ. ಆಕಿ ಎರಡ ದಿನ ನನ್ ಕೂಡ ಮಾತಾಡಲಿಲ್ಲ.” ಇಯರ್‌ಫೋನನ್ನು ಸುತ್ತಿ ನನ್ನ ಕೈಗಿಟ್ಟು, ಬರುವ ಭಾನುವಾರ ಇದನ್ನು ಕಾಕಾನಿಗೆ ಕೇಳಿಸೋಣ, ಆ ಒಂದು ಸಾಲು ಬರೆಸಿಕೊಂಡು ಬಂದರೆ ಸಾಕು, ಆಮೇಲೆ ತಾನು ಬರುವುದಿಲ್ಲ ಎಂದ.

ಭಾನುವಾರ ಇಬ್ಬರೂ ಹೋದೆವು. ಡಾಕ್ಟರು, ಬ್ಯಾಂಕಿನವರು ಇನ್ನೂ ಬಂದಿರಲಿಲ್ಲ. ಕಾಕಾ ಅವನನ್ನು ನೋಡಿ ಎದ್ದು ನಿಂತರು. ನನಗಾಗಿ ಎಂದೂ ಎದ್ದವರಲ್ಲ. ಆವತ್ತಿನ ಬಾಗೇಶ್ರೀಯನ್ನು ಇನ್ನೊಮ್ಮೆ ಕೇಳಬೇಕು ಎಂದಷ್ಟೇ ಹೇಳಿ ನಾನು ಹಚ್ಚಿದೆ. ಏನು ತಿದ್ದಿದ್ದೇನೆ ಎಂದು ಹೇಳಲಿಲ್ಲ. ಮುಗಿದ ಮೇಲೆ ಮೂರು ಅಂಶಗಳಲ್ಲಿ ಹೇಳಲು ಸಿದ್ಧಮಾಡಿಕೊಂಡಿದ್ದೆ.

ಕಾಕಾ ಪೇಟಿ ಒತ್ತಿ ನೋಡಲಿಲ್ಲ. ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು, ನೋಟುಬುಕ್ಕು ತೆರೆದು, ಗಾಯಕರ ಹೆಸರು ಬರೆದರು. ಊರು ಬ್ಯಾಡಗಿ ಎಂದು ಬರೆದರು. “ನಿಮ್ಮ ದಾದಾನ ಪೂರ್ಣ ಹೆಸರು ಹೇಳು, ತಮ್ಮಾ” ಎಂದು ಕೇಳಿ, ಅವನು ಹೇಳಿದಂತೆ ಸಾರಂಗಿಯ ಮುಂದೆ ಬರೆದರು. ಅವನು ಮೊಬೈಲು ತೆಗೆದು ಫೋಟೋ ಹಿಡಿಯುತ್ತಿದ್ದ. ಕಾಕಾ ಪೆನ್ನಿನ ಮುಚ್ಚಳ ಹಾಕುತ್ತ ನನ್ನ ಕಡೆ ತಿರುಗಿ, “ಸೆಲ್ ಇಳದಿದ್ದನ್ನ ಭಾಳ ಹದಾ ಹಿಡದ ತಿದ್ದೀದಿ, ತಂಗಿ” ಎಂದರು.

ಮೂರು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಖುಷಿಪಡಲು ನನಗೆ ಸಮಯ ಸಿಗಲಿಲ್ಲ. ಆ ಮಾತಿನಲ್ಲಿದ್ದ ಬಿರುಕು ನನಗೆ ಕಂಡಿತ್ತು, ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಮೊಬೈಲು ಕೆಳಗಿಳಿಸಿ ನನಗಿಂತ ಮೊದಲೇ, ನಾನೆಂದೂ ಕೇಳಲಾರದಷ್ಟು ಮೆತ್ತಗೆ ಕೇಳಿದ:

“ಕಾಕಾರ, ಸೆಲ್ಲಿನ ಮಾತ ಇವತ್ತ ಇಲ್ಲಿ ಯಾರೂ ತಗೀಲೇ ಇಲ್ಲ. ನಿಮಗ ಅದು ಯಾವಾಗ ಗೊತ್ತಾತ್ರಿ?”