ಕಮಲಾವತಿಯವರ ಕೋಲು

ಮಂಡೆಕೋಲು ಊರಿನ ಕಮಲಾವತಿಯವರು ಹೊಳೆಗೆ ಇಳಿಯುವ ಮೊದಲು ನೀರಿನ ಅಂಚಿನಲ್ಲಿ ಒಂದು ಕೋಲು ಊರುತ್ತಾರೆ. ಬಟ್ಟೆ ಒಗೆಯುವುದಿರಲಿ, ಮೀಯುವುದಿರಲಿ, ಕೋಲು ಊರದೆ ಕಾಲು ನೆನೆಸುವವರಲ್ಲ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಹೊಯ್ದರೆ ಪಯಸ್ವಿನಿ ಹೊಳೆ ಏರುತ್ತದೆ. ಅದನ್ನು ಮೊದಲು ತಿಳಿಸುವುದು ಆ ಕೋಲು. ಅದರ ಬುಡ ಒದ್ದೆಯಾಯಿತೋ, ಎಲ್ಲರೂ ದಡಕ್ಕೆ. ಮರುಮಾತಿಲ್ಲ.

ಈ 'ಮರುಮಾತಿಲ್ಲ' ಎಂಬುದೇ ಸೊಸೆ ದಮಯಂತಿಗೆ ಹದಿನಾರು ವರ್ಷಗಳಿಂದ ನುಂಗಲಾಗದ ಸಂಗತಿ. ಅವಳು ಬೆಳ್ಳಾರೆಯವಳು, ತವರಿನಲ್ಲಿ ಬಾವಿ, ಪಂಪು, ನಲ್ಲಿ. ಮದುವೆಯಾಗಿ ಬಂದ ವರ್ಷವೇ ಸೋಪು ಹಚ್ಚಿದ ಹೊದಿಕೆಯನ್ನು ಅರ್ಧಕ್ಕೆ ಬಿಟ್ಟು ದಡ ಹತ್ತಿ, ಒಂದು ಗಂಟೆ ಕಾದು ಕೂತಳು. ಹೊಳೆ ಏರಿದ್ದು ನಾಲ್ಕು ಬೆರಳು! ಹತ್ತರಲ್ಲಿ ಒಂಬತ್ತು ಸಲ ಹೀಗೆಯೇ. ಹತ್ತನೆಯದು ಯಾವಾಗ ಎಂದು ಕೇಳಿದರೆ ಅತ್ತೆ, "ಅದು ಗೊತ್ತಿದ್ರೆ ಕೋಲು ಎಂತಕ್ಕೆ ಮಾರಾಯ್ತಿ?" ಎನ್ನುತ್ತಿದ್ದರು. ಆ ಮಾತು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕಮಲಾವತಿಯವರು ಹುಟ್ಟಿದ್ದು ಅದೇ ಹೊಳೆಯ ದಡದಲ್ಲಿ, ಮದುವೆಯಾಗಿ ಬಂದದ್ದು ಅದರ ಎರಡು ತಿರುವು ಕೆಳಗೆ. ಗಂಡ ತೀರಿಕೊಂಡ ಮೇಲೆ ತೋಟ, ದನದ ಹಟ್ಟಿ, ಮಗನ ಓದು ಎಲ್ಲವನ್ನೂ ಒಬ್ಬರೇ ನಿಭಾಯಿಸಿದರು. ಯಾರ ಮುಂದೆಯೂ ಇದು ಬೇಕು, ಅದು ಬೇಕು ಎಂದು ಬಾಯಿ ಬಿಟ್ಟವರಲ್ಲ. ಅಂಥವರು ಎಪ್ಪತ್ತೊಂದರ ವಯಸ್ಸಿನಲ್ಲಿ, ಈ ಜನವರಿಯಲ್ಲಿ ಮೊದಲ ಸಲ ಕೇಳಿದರು: "ನಮ್ಮ ಹೊಳೆ ಕಡಲಿಗೆ ಸೇರುದು ಎಲ್ಲಿ ಅಂತ ಒಮ್ಮೆ ನೋಡ್ಬೇಕಿತ್ತು."

ಮಗ ಕುಶಾಲಪ್ಪನಿಗೆ ಕಾಸರಗೋಡಿನಿಂದ ಪಂಪಿನ ಸಾಮಾನು ತರುವ ಕೆಲಸವೂ ಇತ್ತು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಅಮ್ಮ, ಹೆಂಡತಿ, ಹನ್ನೊಂದು ವರ್ಷದ ಮಗಳು ನವ್ಯಾ ಮೂವರನ್ನೂ ಹೊಳೆ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಇಳಿಸಿ ಅವನು ಪೇಟೆಗೆ ಹೋದ.

ಒಂದು ನರಪಿಳ್ಳೆಯೂ ಇರಲಿಲ್ಲ. ಗಾಳಿಮರಗಳ ಸಾಲು, ಮರಳ ಮೇಲೆ ಎಳೆದಿಟ್ಟ ಎರಡು ದೋಣಿ, ಅಷ್ಟೇ. ಊರಿನಲ್ಲಿ ಬಂಡೆಗಳ ನಡುವೆ ಗಲಾಟೆ ಮಾಡುವ ಹೊಳೆ ಇಲ್ಲಿ ಅಗಲವಾಗಿ, ಸದ್ದಿಲ್ಲದೆ ಮಲಗಿತ್ತು. ಕಮಲಾವತಿಯವರು ಒಂದು ಬೊಗಸೆ ನೀರು ಬಾಯಿಗೆ ಹಾಕಿ ಥೂ ಎಂದು ಉಗುಳಿದರು.

"ನಮ್ಮ ಒಳ್ಳೆ ನೀರನ್ನು ಎಂತ ಮಾಡಿದ್ದು ಇವರು!"

ನವ್ಯಾ ಬಿದ್ದು ಬಿದ್ದು ನಕ್ಕಳು. ನಗು ಮುಗಿಯುವಷ್ಟರಲ್ಲಿ ಅಜ್ಜಿ ಗಾಳಿಮರದ ಒಂದು ಗೆಲ್ಲು ಮುರಿದು ನೀರಂಚಿನಲ್ಲಿ ಊರಿಯಾಗಿತ್ತು.

"ಅತ್ತೆ, ಇಲ್ಲಿ ಕೂಡಾ ಕೋಲಾ? ಈ ಜನವರಿಯಲ್ಲಿ ಘಟ್ಟದಲ್ಲಿ ಮಳೆ ಎಲ್ಲಿಂದ ಬರ್ಬೇಕು?"

"ಇರ್ಲಿ, ಅದು ಅದರಷ್ಟಕ್ಕೆ ಇರ್ತದೆ."

ದಡದ ಎದುರಿಗೇ ಒಂದು ಮರಳದಿಣ್ಣೆ. ನಡುವೆ ಮೊಣಕಾಲೂ ಮುಟ್ಟದ ನೀರು. ದಮಯಂತಿಯೂ ನವ್ಯಾಳೂ ದಾಟಿ ಹೋಗಿ ಚಿಪ್ಪು ಹೆಕ್ಕತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆಯ ಕೂಗು ಕೇಳಿಸಿತು. "ಕೋಲು ಒದ್ದೆ ಆಯ್ತು, ಬನ್ನಿ!" ದಮಯಂತಿ ಈಗ ಬಂದೆವು ಎಂಬಂತೆ ಕೈ ಬೀಸಿದಳು. ಬರುವ ಮನಸ್ಸಿರಲಿಲ್ಲ. ಕಡಲ ತೀರಕ್ಕೆ ಬಂದರೂ ಈ ಕೋಲಿನ ಕಾಟ ತಪ್ಪಲಿಲ್ಲವಲ್ಲ! ಎರಡನೆಯ ಕೂಗಿಗೂ ಕೈ ಬೀಸಿದಳು. ಹಾಗೆಯೇ ಒಂದು ಗಂಟೆ ಕಳೆಯಿತು.

ಮೂರನೆಯ ಕೂಗಿನ ಸ್ವರವೇ ಬೇರೆ. ತಿರುಗಿ ನೋಡಿದರೆ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಿದ್ದರು. ಮರಳದಿಣ್ಣೆ ಅರ್ಧವೂ ಉಳಿದಿರಲಿಲ್ಲ. ದಮಯಂತಿ ಮಗಳ ಕೈ ಹಿಡಿದು ಇಳಿದಳು. ನಾಲ್ಕು ಹೆಜ್ಜೆಗೆ ನೀರು ತೊಡೆಗೆ ಬಂತು, ಮತ್ತೆ ನಾಲ್ಕು ಹೆಜ್ಜೆಗೆ ನವ್ಯಾಳ ಎದೆಗೆ.

"ನೇರ ಬರ್ಬೇಡಿ! ಕೆಳಗೆ, ಕಡಲಿನ ಬದಿಗೆ ಓರೆ ಬನ್ನಿ!" ಎಂದು ಕಮಲಾವತಿಯವರು ಕೂಗಿದರು.

ಹೊಳೆಯವರ ನಡಿಗೆ ಅದು. ಸೆಳೆತದ ಎದುರು ನಿಲ್ಲದೆ, ಅದರ ಜೊತೆಗೇ ಓರೆಯಾಗಿ ಇಳಿಯುತ್ತ ದಾಟುವುದು. ದಮಯಂತಿ ಕಡಲಿನ ಕಡೆಗೆ ಹೆಜ್ಜೆ ಇಟ್ಟಳು. ಸೆಳೆತ ಎದುರಿನಿಂದಲೇ ಬಂದು ತಳ್ಳಿತು. ನವ್ಯಾಳ ಕಾಲು ನೆಲ ಬಿಟ್ಟಿತು. ಈ ಮಗುವನ್ನು ನಾನೇ ಕೊಂದೆ ಎಂದು ದಮಯಂತಿಗೆ ಅನಿಸಿದ್ದು ಆಗ.

ಅದೇ ಹೊತ್ತಿಗೆ ಕಮಲಾವತಿಯವರ ಕಣ್ಣೆದುರು ಅವರದೇ ಕೋಲು ತೇಲಿಹೋಯಿತು. ಬುಡ ಸಮೇತ ಕಿತ್ತುಬಂದ ಆ ಗೆಲ್ಲು ಕಡಲಿನ ಕಡೆಗಲ್ಲ, ಮಂಡೆಕೋಲಿನ ಕಡೆಗೆ ಹೊರಟಿತ್ತು. ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಹುಟ್ಟಿದಂದಿನಿಂದ ಹೊಳೆ ನೋಡಿದವರು ಇಂಥದ್ದನ್ನು ಕನಸಿನಲ್ಲೂ ಕಂಡವರಲ್ಲ. ಆದರೂ ಅವರು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ತಡೆಯಲಿಲ್ಲ.

"ಅಲ್ಲ, ಅಲ್ಲ! ನಾನು ಹೇಳಿದ್ದು ತಪ್ಪು! ತಿರುಗಿ! ಊರಿನ ಬದಿಗೆ ಓರೆ ಬನ್ನಿ!"

ದಮಯಂತಿ ಮರುಮಾತಾಡಲಿಲ್ಲ. ತಿರುಗಿದಳು. ಇಷ್ಟು ಹೊತ್ತು ತಳ್ಳುತ್ತಿದ್ದ ನೀರೇ ಬೆನ್ನಿಗೆ ಬಂದು ಇಬ್ಬರನ್ನೂ ದಡದ ಕಡೆಗೆ ಸರಿಸಿತು. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಅಜ್ಜಿ ನವ್ಯಾಳ ತೋಳು ಹಿಡಿದು ಎಳೆದುಕೊಂಡರು.

ಮೂವರೂ ಗಾಳಿಮರದ ಬುಡದಲ್ಲಿ ಕುಸಿದು ಕೂತರು. ಉಬ್ಬರದ ಹೊತ್ತಿಗೆ ಕಡಲು ಹೊಳೆಯನ್ನು ಹಿಂದಕ್ಕೆ ನೂಕುತ್ತದೆ, ನಾಲ್ಕನೆಯ ಕ್ಲಾಸಿನಲ್ಲೇ ಓದಿದ್ದೆ ಎಂದು ನವ್ಯಾ ನಡುಗುತ್ತಲೇ ಹೇಳಿದಳು.

"ಮೊದಲೇ ಹೇಳುದಲ್ವಾ ಮಗಾ," ಎಂದರು ಅಜ್ಜಿ. ಆಮೇಲೆ, "ನಂಗೆ ಈ ಹೊಳೆ ಪೂರ್ತಿ ಗೊತ್ತುಂಟು ಅಂತ ಗ್ರಹಿಸಿದ್ದೆ," ಎಂದರು.

ದಮಯಂತಿ ಅತ್ತೆಯ ಒದ್ದೆ ಸೀರೆಯನ್ನು ಹಿಂಡುತ್ತಿದ್ದಳು. ಎರಡು ಜೀವ ನೀರಿನಲ್ಲಿರುವಾಗ 'ನಾನು ಹೇಳಿದ್ದು ತಪ್ಪು' ಎಂದು ಕೂಗುವ ಧೈರ್ಯ ತನಗಿರುತ್ತಿತ್ತೇ? ಇರುತ್ತಿರಲಿಲ್ಲ. ಈ ಹೆಂಗಸಿನ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿದ್ದು ನೆನೆದು ಅವಳಿಗೆ ಅಳು ಬಂತು. ಅತ್ತಳು.

ಹನ್ನೆರಡರ ಹೊತ್ತಿಗೆ ಕುಶಾಲಪ್ಪ ಬಂದ. ಮೂವರೂ ಬುತ್ತಿ ಬಿಚ್ಚುತ್ತಿದ್ದರು. ನೀರಿನಿಂದ ಒಂದು ಮಾರು ಈಚೆಗೆ ಹೊಸ ಕೋಲೊಂದು ನೆಟ್ಟಗೆ ನಿಂತಿತ್ತು.

"ಎಂತ ಅಮ್ಮ, ಇಲ್ಲಿಯೂ ಶುರು ಮಾಡಿದ್ದಾ?" ಎಂದು ನಕ್ಕ.

"ಅಮ್ಮ ಅಲ್ಲ," ಎಂದಳು ದಮಯಂತಿ. "ಅದು ನಾನು ಊರಿದ್ದು."