ಅರಮನೆಯ ಬೆನ್ನಿಗಿರುವ ಕೆಂಪು

ಬೆಟಗೇರಿಯಲ್ಲಿ ಮಗ್ಗಗಳ ಸದ್ದು ಶುರುವಾಗುವ ಮೊದಲೇ ಕಸ್ತೂರೆವ್ವ ಅಂಗಳದಲ್ಲಿ ನಾಟಕದ ಪರದೆ ಹಾಸಿಕೊಂಡು, ಅದರ ಮೇಲೇ ಮಂಡಿಯೂರಿ ಕೂತಿದ್ದಾರೆ. ಅರಮನೆಯ ಕಂಬಗಳಿಗೆ ಬಂಗಾರದ ಬಣ್ಣ ಬಳಿಯುವ ಕೈ ಎಷ್ಟು ಚುರುಕೋ ಮುಖ ಅಷ್ಟೇ ಸಪ್ಪಗಿದೆ. ಚೆನ್ನಾಗಿದೆ ಎಂದರೆ ಸೆರಗು ಬಾಯಿಗೆ ಹೋಗುತ್ತದೆ. “ಇದನ್ನ ಹೊಗಳಬ್ಯಾಡ್ರಿ. ಇದು ಹೊಟ್ಟಿಪಾಡು. ಅಪ್ಪ ಬರದ ಕಂಬಾನ ನಾನೂ ಬರಿತೇನಿ.”

ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ನಾಟಕವೆಂದರೆ ರಂಗಸಜ್ಜಿಕೆ ಈ ಮನೆಯಿಂದಲೇ ಹೋಗಬೇಕು. ಅಪ್ಪ ತೀರಿಕೊಂಡಾಗ ಕಸ್ತೂರೆವ್ವ ಗದಗಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ತಟ್ಟಿದ್ದನ್ನು ಬರೆಯುವ ಹುಚ್ಚು ಹಿಡಿದಿತ್ತು. ಓದು ಬಿಟ್ಟರು, ಹುಚ್ಚು ಬಿಡಲಿಲ್ಲ. ದಪ್ಪ ಬಟ್ಟೆಯ ಮುಂಭಾಗಕ್ಕೆ ಊರವರು ಕೇಳಿದ ಅರಮನೆ, ಕಾಡು, ಬೀದಿ. ಹಿಂಭಾಗಕ್ಕೆ ತಮಗೆ ಬೇಕಾದದ್ದು. ಈ ಅರಮನೆಯ ಬೆನ್ನಿಗಿರುವುದು ಬರೀ ಕಡುನೀಲಿ, ನಡುವೆ ಸೀಳಿದಂತೆ ಒಂದು ಕೆಂಪು. ಅದನ್ನು ನೋಡುವವರು ಒಳಗೆ ಸರದಿ ಕಾಯುವ ಪಾತ್ರಧಾರಿಗಳು ಮಾತ್ರ.

ಹೋದ ತಿಂಗಳು ಮುಳಗುಂದದಲ್ಲಿ ಆಳುಗಳು ಅವಸರಕ್ಕೆ ಬಿದ್ದು ಪರದೆಯನ್ನು ತಿರುಗಾಮುರುಗಾ ಕಟ್ಟಿಬಿಟ್ಟರು. ದರ್ಬಾರಿನ ದೃಶ್ಯ ತೆರೆದರೆ ಅರಮನೆಯೇ ಇಲ್ಲ! ಸಿಳ್ಳೆಯೋ ಸಿಳ್ಳೆ. ನಾಟಕ ಮಾಡಿಸಿದ ಉಡಚಪ್ಪ ಕೆಂಡಾಮಂಡಲವಾಗಿ ಒಳಗೆ ಬಂದರು. “ಯಾಂವ ಇದನ್ನ ಗೀಚಿದಾಂವ?”

“ಯಾರೋ ಹುಡುಗ್ರು ಬಣ್ಣ ಚೆಲ್ಲ್ಯಾರ್ರಿ,” ಎಂದುಬಿಟ್ಟರು ಪರದೆಗಳ ಜೊತೆ ಬಂದಿದ್ದ ಕಸ್ತೂರೆವ್ವ.

ಪಕ್ಕದಲ್ಲೇ ರಾಣಿಯ ವೇಷದಲ್ಲಿ ಹಿರಿಯ ನಟಿ ಶಮಶಾದಬಿ ನಿಂತಿದ್ದರು. ಅದು ಯಾರ ಕೈಯ ಬಣ್ಣ ಎಂದು ಅವರಿಗೆ ಚೆನ್ನಾಗಿ ಗೊತ್ತು. “ಮಗ ಸತ್ತ ಸೀನಿಗೆ ಹೋಗೂ ಮುಂದ ಆ ಕೆಂಪು ನೋಡ್ತೇನ್ರಿ, ಅಳು ತಾನ ಬರತೈತಿ,” ಎನ್ನುತ್ತಾರೆ ಅವರು. ಆ ದಿನ ಮಾತ್ರ ಮುಖ ತಿರುಗಿಸಿದರಂತೆ.

“ಸಿಳ್ಳಿ ಹೊಡದದ್ದಕ್ಕ ನಾಚಿಕಿ ಇಲ್ರಿ,” ಎನ್ನುವಾಗ ಕಸ್ತೂರೆವ್ವನ ಕುಂಚ ನಿಲ್ಲುತ್ತದೆ. “ಹಡದ ಕೂಸನ್ನ ನಂದಲ್ಲ ಅಂದಂಗ ಆತು. ಅವತ್ತಿನಿಂದ ಶಮಶಾದಬಿ ಮುಂದ ಮಾರಿ ಎತ್ತಾಕ ಆಗವಲ್ದು.” ಬಂಗಾರದ ಬಣ್ಣ ಡಬ್ಬಿಯಲ್ಲೇ ಕೆನೆಗಟ್ಟುತ್ತದೆ.

ಈ ಶನಿವಾರ ಬಾಳೆಹೊಸೂರಿನಲ್ಲಿ ಅದೇ ನಾಟಕ, ಅದೇ ರಾಣಿ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕಸ್ತೂರೆವ್ವ ಪರದೆಯ ಅಂಚು ಮಡಚಿ ಹಿಂದಿನ ಕೆಂಪನ್ನು ತೋರಿಸುತ್ತಾರೆ.

“ಮಗ ಸತ್ತ ಸೀನಿಗೆ ಪರದಿ ನಾನ ತಿರುವಿ ಕಟ್ಟಾಕಿ. ಕಟ್ಟಿ, ಮಂದ್ಯಾಗ ಹೋಗಿ ಕುಂಡ್ರಾಕಿ. ಯಾರು ಗೀಚ್ಯಾರ ಅಂತ ಕೇಳಿದ್ರ, ಎದ್ದು ನಿಂದ್ರಾಕಿ.”